ಕ್ಷೌರದ ಕತ್ತಿಗೆ ಎಷ್ಟು ಹಣ?

ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ದಾರಿಯಲ್ಲಿ ಮಸ್ಕಿ ಸಿಗುತ್ತದೆ. ಅಶೋಕನ ಹೆಸರನ್ನೇ ಹೇಳುವ ಶಾಸನ 1915ರಲ್ಲಿ ಇಲ್ಲಿ ದೊರೆತುದರಿಂದ ಊರಿಗೆ ಪ್ರಸಿದ್ಧಿ ಬಂದಿತು. 1954ರಲ್ಲಿ ಬಿ. ಕೆ. ಥಾಪರ್ ಅವರು ನಡೆಸಿದ ಉತ್ಖನನ ಹೇಳಿದ ಸಂಗತಿಯೂ ಅಷ್ಟೇ ಸ್ವಾರಸ್ಯಕರ: ಕೆಳಗಿನ ಪದರಗಳಲ್ಲಿ ಕಲ್ಲಿನಿಂದ ಸೀಳಿ ತೆಗೆದ ತೆಳ್ಳನೆಯ ಅಲಗುಗಳು, ಅವುಗಳ ಮೇಲೆ, ಬೃಹತ್ ಶಿಲಾಸಮಾಧಿಗಳ ಕಾಲದ ಪದರದಲ್ಲಿ, ಕಬ್ಬಿಣ. ಹರಿತವಾದ ಅಂಚಿಗಾಗಿ ಮನುಷ್ಯನು ಪಟ್ಟ ಶ್ರಮ ಈ ಮಣ್ಣಿನಲ್ಲಿ ಅಷ್ಟು ಹಳೆಯದು.

ಆ ಅಂಚಿಗೆ ತೆರಬೇಕಾದ ಬೆಲೆಯ ಚಿಂತೆ ಮಾತ್ರ ಗೃಹಸ್ಥನಿಗೆ ಹೊಸದು. ಆಯಗಾರ ಪದ್ಧತಿಯಿದ್ದ ಕಾಲದಲ್ಲಿ ಕ್ಷೌರಿಕನು ಹಡಪವನ್ನು ಹಿಡಿದು ಮನೆಬಾಗಿಲಿಗೆ ಬರುತ್ತಿದ್ದನು. ಸುಗ್ಗಿಯಲ್ಲಿ ಅವನ ಪಾಲಿನ ಕಾಳು ಸಲ್ಲುತ್ತಿತ್ತು. ಕತ್ತಿಯ ಬೆಲೆಯನ್ನು ಯಾರೂ ಕೇಳುತ್ತಿರಲಿಲ್ಲ. ಇಂದು ಸಿಂಧನೂರಿನಲ್ಲಿ ಅಂಗಡಿ ತೆರೆಯುವ ತರುಣನೂ, ಲಿಂಗಸುಗೂರಿನಲ್ಲಿ ತನ್ನ ಗಡ್ಡವನ್ನು ತಾನೇ ತೆಗೆದುಕೊಳ್ಳಬಯಸುವ ಗೃಹಸ್ಥನೂ ಲೆಕ್ಕ ಹಾಕಲೇಬೇಕು. ಆದರೆ ಇಬ್ಬರ ಲೆಕ್ಕವೂ ಒಂದೇ ಅಲ್ಲ.

ಮೊದಲು ಅಂಗಡಿಯವನ ಮಾತು. ಸಾಣೆ ಹಿಡಿದ ಒಂದೇ ಕತ್ತಿಯನ್ನು ಹತ್ತು ಜನರ ಗದ್ದಕ್ಕೆ ತಾಗಿಸಿದರೆ, ಕಣ್ಣಿಗೆ ಕಾಣದಷ್ಟು ರಕ್ತದ ಮೂಲಕವೂ ಹೆಪಟೈಟಿಸ್ ಬಿ ಯಂತಹ ರೋಗ ಒಬ್ಬರಿಂದ ಒಬ್ಬರಿಗೆ ದಾಟಬಲ್ಲದು. ಆದುದರಿಂದ ಅವನಿಗೆ ಬೇಕಾದುದು ಬ್ಲೇಡು ಬದಲಿಸುವ ಉಸ್ತರಾ. ಕೆಲವು ನೂರು ರೂಪಾಯಿಗಳೊಳಗೆ ಒಳ್ಳೆಯದೇ ದೊರೆಯುತ್ತದೆ. ಅವನ ನಿಜವಾದ ಖರ್ಚು ಬ್ಲೇಡಿನದು. ಬ್ಲೇಡಿಗೆ 3 ರೂಪಾಯಿ ಎಂದಿಟ್ಟುಕೊಂಡು, ಅದನ್ನು ಎರಡಾಗಿ ಮುರಿದು ಬಳಸಿದರೆ, 20 ಗಿರಾಕಿಗಳಿಗೆ ದಿನಕ್ಕೆ 30 ರೂಪಾಯಿ. ಅದೇ ತುಂಡನ್ನು ಇಬ್ಬರಿಗೆ ಬಳಸಿದರೆ ಉಳಿಯುವುದು 15 ರೂಪಾಯಿ. ಆ ಹದಿನೈದು ರೂಪಾಯಿಗಿಂತ ದುಬಾರಿಯಾದ ಉಳಿತಾಯ ಬೇರೊಂದಿಲ್ಲ.

ಗೃಹಸ್ಥನ ಗದ್ದವಾದರೋ ಒಂದೇ. ಅವನು ಬಡಿದು ಹದಗೊಳಿಸಿದ ಉಕ್ಕಿನ ಕತ್ತಿಯನ್ನು ಬಯಸಬಹುದು. ಜರ್ಮನಿಯ ಸೋಲಿಂಗೆನ್ ನಗರ ಇದಕ್ಕೆ ಹೆಸರುವಾಸಿ. 1938ರಲ್ಲಿ ಆ ಹೆಸರಿಗೆ ಕಾನೂನಿನ ರಕ್ಷಣೆಯೇ ದೊರೆಯಿತು. ಆದರೆ ಕತ್ತಿಯೊಂದೇ ಸಾಲದು. ಕಾಲಕಾಲಕ್ಕೆ ಮಸೆಯಲು ಸಾಣೆಕಲ್ಲು ಬೇಕು. ಪ್ರತಿ ಸಲವೂ ಗಡ್ಡ ತೆಗೆಯುವ ಮೊದಲು ತೀಡಲು ಚರ್ಮದ ಪಟ್ಟಿ ಬೇಕು. ಕತ್ತಿಗೆ 6,000, ಉಳಿದುದಕ್ಕೆ 4,000 ಎಂದು ಹಿಡಿದರೆ 10,000 ರೂಪಾಯಿ ಆಯಿತು. ದಿನಕ್ಕೆ ಅರ್ಧ ಬ್ಲೇಡಿನಂತೆ ವರ್ಷಕ್ಕೆ ತಗಲುವ ವೆಚ್ಚ ಸುಮಾರು 550 ರೂಪಾಯಿ ಮಾತ್ರ. ಹೂಡಿದ ಹಣ ಮರಳಲು ಹದಿನೆಂಟು ವರ್ಷ! ಉಳಿತಾಯಕ್ಕೆಂದು ಇಂತಹ ಕತ್ತಿಯನ್ನು ಕೊಳ್ಳುವುದು ಜಾಣತನವಲ್ಲ. ಅದರ ಸೊಗಸಿಗೆ ಮನಸೋತು, ಮಸೆಯುವ ತಾಳ್ಮೆಯೂ ಇದ್ದರೆ ಕೊಳ್ಳಬಹುದು.

ಇವೆರಡರ ನಡುವೆ ಒಂದು ಅಪಾಯವಿದೆ. ನೋಟಕ್ಕೆ ಸಾಂಪ್ರದಾಯಿಕ ಕತ್ತಿಯಂತೆಯೇ ಇರುವ, ಕಳಪೆ ಉಕ್ಕಿನ ಅಗ್ಗದ ಕತ್ತಿ ಎಷ್ಟು ಮಸೆದರೂ ಹರಿತವನ್ನು ಹಿಡಿದಿಡಲಾರದು. ಅಗ್ಗವೆಂದು ಮುಗ್ಗಿದ ಜೋಳ ತಂದಂತೆ, ಕೊಟ್ಟ ಹಣವೆಲ್ಲ ವ್ಯರ್ಥ.

ಇನ್ನು ಅಜ್ಜನ ಪೆಟ್ಟಿಗೆಯಲ್ಲಿ ಹಳೆಯ ಕತ್ತಿಯಿದ್ದರೆ, ಪೇಟೆಗೆ ಹೋಗುವ ಮೊದಲು ಅದನ್ನು ಬೆಳಕಿಗೆ ಹಿಡಿದು ನೋಡಬೇಕು. ಅಲಗು ಬಿರುಕು ಬಿಟ್ಟಿರದೆ, ತುಕ್ಕು ಅಂಚನ್ನು ತಿಂದಿರದೆ ಇದ್ದರೆ, ಬಲ್ಲವರ ಕೈಯಿಂದ ಸಾಣೆ ಹಿಡಿಸಿದ ಮೇಲೆ ಅದು ಮತ್ತೆ ಕೆಲಸಕ್ಕೆ ಬಂದೀತು. ಖರ್ಚು ಸಾಣೆಯದಷ್ಟೆ.

ಕತ್ತಿಯ ಬೆಲೆಯನ್ನು ನಿರ್ಧರಿಸಬೇಕಾದುದು ಅಂಗಡಿಯ ಗಾಜಿನ ಪೆಟ್ಟಿಗೆಯ ಹೊಳಪಲ್ಲ, ಅದು ಮುಟ್ಟಲಿರುವ ಗದ್ದಗಳ ಸಂಖ್ಯೆ. ಹಲವು ಗದ್ದಗಳಾದರೆ ಹಣವೆಲ್ಲ ಹೊಸ ಬ್ಲೇಡಿಗೆ ಹೋಗಲಿ. ಒಂದೇ ಆದರೆ ಹಾಸಿಗೆ ಇದ್ದಷ್ಟು ಕಾಲು ಚಾಚಲಿ.