ದಿರ್ಹಮಿನ ಸಾಲ, ರೂಪಾಯಿಯ ಲೆಕ್ಕ

ಮದುವೆಯೊಂದಕ್ಕೆಂದು ನಾವು ಕೆಲವರು ವ್ಯಾನ್ ಮಾಡಿಕೊಂಡು ಪುಣೆಗೆ ಹೊರಟಿದ್ದೆವು. ಬೆಳಗಾವಿ ದಾಟಿ, ಹತ್ತರಗಿ ಟೋಲ್ ಹತ್ತಿರ ಚಹಾಕ್ಕೆ ಇಳಿದೆವು. ಟೋಲಿನ ದುಡ್ಡು ಕಟ್ ಆದ ಮೆಸೇಜ್ ನೋಡಲು ಮೊಬೈಲ್ ತೆಗೆದ ಹುಡುಗ ಹಾಗೇ ಆ ದಿನದ ದಿರ್ಹಮ್ ರೇಟನ್ನೂ ನೋಡಿದ. ಅವನ ಅಣ್ಣ ದುಬೈಯಲ್ಲಿದ್ದಾನೆ. "ಇನ್ನೂ ಸ್ವಲ್ಪ ಏರಲಿ, ಆಮೇಲೆ ಕಳಿಸು ಅಂತ ಹೇಳ್ತೇನೆ" ಅಂದ.

ಪಕ್ಕದಲ್ಲಿದ್ದ ಹಿರಿಯ ಹಾಜಿಯವರು ನಕ್ಕರು. "ಮೋನೇ, ನಾನು ಇದೇ ರಸ್ತೆಯಲ್ಲಿ ಬೊಂಬಾಯಿಗೆ ಹೋಗಿ ಹಡಗು ಹತ್ತಿದವ. ಆಗ ರೇಟ್ ನೋಡುವ ಕೆಲಸವೇ ಇರಲಿಲ್ಲ. ದುಬೈಯಲ್ಲೂ ರೂಪಾಯಿಯೇ ನಡೀತಿತ್ತು."

ಹುಡುಗ ನಂಬಲಿಲ್ಲ. ನಮ್ಮ ಮದ್ರಸದ ಮಕ್ಕಳೂ ನಂಬುವುದಿಲ್ಲ. ಆದರೆ ಮಾತು ನಿಜ.

ಕುವೈತ್, ಬಹ್ರೈನ್, ಕತಾರ್, ದುಬೈ, ಒಮಾನ್ ಎಲ್ಲ ಕಡೆ ಭಾರತದ ರೂಪಾಯಿ ಚಲಾವಣೆಯಲ್ಲಿತ್ತು. ಆ ರೂಪಾಯಿಯಿಂದ ಚಿನ್ನ ಕೊಂಡು ಕಳ್ಳದಾರಿಯಲ್ಲಿ ಇಲ್ಲಿಗೆ ತರುವುದು ಹೆಚ್ಚಾದಾಗ ದೇಶದ ವಿದೇಶಿ ವಿನಿಮಯ ಕರಗತೊಡಗಿತು. ಅದಕ್ಕೆ 1959ರಲ್ಲಿ ರಿಸರ್ವ್ ಬ್ಯಾಂಕ್ ಕೊಲ್ಲಿಗೆಂದೇ ಬೇರೆ ಬಣ್ಣದ ನೋಟು ಅಚ್ಚು ಹಾಕಿಸಿತು. ಅದೇ ಗಲ್ಫ್ ರೂಪಾಯಿ. ಊರಲ್ಲಿ ಅಂಗಡಿಗೆ ಕೊಟ್ಟರೆ ನಡೆಯದು, ಆದರೆ ಬೆಲೆ ಮಾತ್ರ ನಮ್ಮ ರೂಪಾಯಿಗೆ ಸರಿಸಮ. ಹಜ್ಜಿಗೆ ಹೋಗುವವರಿಗೂ ಹತ್ತು ಮತ್ತು ನೂರು ರೂಪಾಯಿಯ ಪ್ರತ್ಯೇಕ ಹಜ್ ನೋಟುಗಳು ಆ ಕಾಲದಲ್ಲೇ ಬಂದವು.

1961ರಲ್ಲಿ ಕುವೈತ್, 1965ರಲ್ಲಿ ಬಹ್ರೈನ್ ತಮ್ಮ ತಮ್ಮ ದಿನಾರ್ ಮಾಡಿಕೊಂಡವು. ದೊಡ್ಡ ಪೆಟ್ಟು ಬಿದ್ದದ್ದು 1966ರ ಜೂನ್ 6ರಂದು. ಆ ದಿನ ಭಾರತ ರೂಪಾಯಿಯ ಬೆಲೆ ಇಳಿಸಿತು. 4 ರೂಪಾಯಿ 76 ಪೈಸೆಗೆ ಸಿಗುತ್ತಿದ್ದ ಡಾಲರಿಗೆ 7 ರೂಪಾಯಿ 50 ಪೈಸೆಯಾಯಿತು. ಗಲ್ಫ್ ರೂಪಾಯಿಯೂ ಜೊತೆಗೇ ಬಿತ್ತು. ನಮ್ಮ ಸರ್ಕಾರ ಇಲ್ಲಿ ಮಾಡಿದ ತೀರ್ಮಾನಕ್ಕೆ ಅಲ್ಲಿಯವರ ಜೇಬು ಹಗುರವಾಯಿತು. ಕತಾರ್ ಮತ್ತು ದುಬೈ ಕೂಡಲೇ ರೂಪಾಯಿ ಬಿಟ್ಟು, ಅದೇ ವರ್ಷ ಕತಾರ್–ದುಬೈ ರಿಯಾಲ್ ತಂದವು. ಅದರ ಬೆಲೆಯನ್ನು ಇಳಿಯುವ ಮೊದಲಿನ ರೂಪಾಯಿಗೆ ಸಮನಾಗಿ ಇಟ್ಟರು. ಎಂದರೆ 100 ರಿಯಾಲಿಗೆ ಊರಲ್ಲಿ ಸುಮಾರು 157 ರೂಪಾಯಿ. 1973ರಲ್ಲಿ ಯುಎಇ ದಿರ್ಹಮ್ ಬಂದದ್ದು ಆ ರಿಯಾಲಿನ ಜಾಗಕ್ಕೆ, ಅದೇ ಬೆಲೆಗೆ.

ನಂತರದ್ದು ನಮ್ಮ ಮನೆಗಳ ಕಥೆ. 1991ರ ಜುಲೈ 1 ಮತ್ತು 3ರಂದು ಎರಡು ಸಲ ರೂಪಾಯಿ ಇಳಿಸಿದಾಗ, ಆರು ರೂಪಾಯಿ ತುಂಬದಿದ್ದ ದಿರ್ಹಮ್ ಏಳರ ಆಸುಪಾಸಿಗೆ ಬಂತು. 2013ರ ಆಗಸ್ಟ್‌ನಲ್ಲಿ ಹದಿನೆಂಟು ದಾಟಿತು. 2022ರ ಜುಲೈಯಲ್ಲಿ ಡಾಲರ್ 80 ಮುಟ್ಟಿದಾಗ ಇಪ್ಪತ್ತೊಂದೂವರೆ ಮೀರಿತು. "ದಿರ್ಹಮ್ ಏರಿತು" ಅಂತ ನಾವು ಖುಷಿ ಪಡುತ್ತೇವೆ. ದಿರ್ಹಮನ್ನು 1997ರಿಂದ ಡಾಲರಿಗೆ 3.6725ರಂತೆ ಕಟ್ಟಿಹಾಕಿದ್ದಾರೆ, ಅದು ಕದಲುವುದಿಲ್ಲ. ಇಳಿದದ್ದು ನಮ್ಮ ರೂಪಾಯಿ. ಹಾಗಂತ ಯಾವಾಗಲೂ ಇಳಿಯುತ್ತದೆ ಅನ್ನುವಂತೆಯೂ ಇಲ್ಲ. 2007ರ ಕೊನೆಗೆ ಡಾಲರ್ 40ಕ್ಕಿಂತ ಕೆಳಗೆ ಬಂದು, ದಿರ್ಹಮಿಗೆ ಹನ್ನೊಂದು ರೂಪಾಯಿಯೂ ಸಿಗದೆ ಗಲ್ಫಿನವರು ತಲೆಗೆ ಕೈ ಇಟ್ಟಿದ್ದರು.

ಈ ಲೆಕ್ಕವನ್ನೆಲ್ಲ ಇಲ್ಲಿ ಹೇಳಲು ಕಾರಣವಿದೆ. ರೇಟಿನ ಏರಿಳಿತ ಮನೆಯೊಳಗೆ ಜಗಳ ತರುತ್ತದೆ. ಅಂಥದ್ದೊಂದು ನಮ್ಮ ಮುಂದೆ ಬಂದಿತ್ತು. 2005ರಲ್ಲಿ ಅಣ್ಣ ದುಬೈಯಲ್ಲಿ ತಮ್ಮನ ಕೈಗೆ 5,000 ದಿರ್ಹಮ್ ಸಾಲ ಕೊಟ್ಟಿದ್ದ. ಆಗ ಅದು ಸುಮಾರು 60,000 ರೂಪಾಯಿ. ಈಗ ಅಷ್ಟೇ ದಿರ್ಹಮಿಗೆ ಲಕ್ಷ ದಾಟುತ್ತದೆ. "ಅರುವತ್ತು ಕೊಡ್ತೇನೆ, ಅದಕ್ಕಿಂತ ಹೆಚ್ಚು ಕೇಳಿದರೆ ಬಡ್ಡಿ" ಎಂದು ತಮ್ಮ. "ನಾನು ಕೊಟ್ಟದ್ದು ದಿರ್ಹಮ್" ಎಂದು ಅಣ್ಣ. ಎರಡು ಪೆರ್ನಾಳಿಗೆ ಒಬ್ಬರ ಮನೆಗೆ ಒಬ್ಬರು ಹೋಗಲಿಲ್ಲ.

ನಿಯಮ ಕಷ್ಟದ್ದಲ್ಲ. ಸಾಲ ಯಾವ ಹಣದಲ್ಲೋ, ತೀರಿಸುವುದೂ ಅದೇ ಹಣದಲ್ಲಿ, ಅಷ್ಟೇ ಮೊತ್ತ. 1988ರ ಡಿಸೆಂಬರಿನಲ್ಲಿ ಕುವೈತ್‌ನಲ್ಲಿ ಸೇರಿದ್ದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್‌ಹ್ ಅಕಾಡೆಮಿಯೂ ಇದನ್ನೇ ತೀರ್ಮಾನಿಸಿದೆ. ಇಬ್ಬರೂ ಒಪ್ಪಿ ಬೇರೆ ಹಣದಲ್ಲಿ ತೀರಿಸುವುದಾದರೆ, ತೀರಿಸುವ ದಿನದ ರೇಟ್ ಹಿಡಿಯಬೇಕು. ದಿನಾರಿಗೆ ಒಂಟೆ ಮಾರಿ ದಿರ್ಹಮ್ ಪಡೆಯುತ್ತಿದ್ದ ಇಬ್ನು ಉಮರ್ (ರ) ಅವರಿಗೆ ಪ್ರವಾದಿ (ಸ) ಹೇಳಿಕೊಟ್ಟದ್ದೂ ಆ ದಿನದ ಬೆಲೆಯನ್ನೇ. ಆದ್ದರಿಂದ ಅಣ್ಣನಿಗೆ ಸಲ್ಲಬೇಕಾದದ್ದು 5,000 ದಿರ್ಹಮ್. ಅದು ಬಡ್ಡಿಯಲ್ಲ. ಅದೇ ಅಣ್ಣ ಊರಲ್ಲಿ 60,000 ರೂಪಾಯಿ ಸಾಲ ಕೊಟ್ಟಿದ್ದರೆ, ಇಂದು ದಿರ್ಹಮ್ ರೇಟ್ ತೋರಿಸಿ ಲಕ್ಷ ಕೇಳುವಂತಿರಲಿಲ್ಲ. ಅದೃಷ್ಟಕ್ಕೆ ಹಳೆಯ ಡೈರಿಯೊಂದರಲ್ಲಿ ತಮ್ಮನ ಕೈಬರಹವೇ ಸಿಕ್ಕಿತು, ಮಾತು ಮುಗಿಯಿತು.

ಹತ್ತರಗಿಯಲ್ಲಿ ಹಾಜಿಯವರು ಇನ್ನೊಂದು ಮಾತು ಹೇಳಿದ್ದರು. 1966ರ ಆರಂಭದಲ್ಲಿ ದುಬೈಯಲ್ಲಿ ಸ್ನೇಹಿತನಿಂದ 300 ರೂಪಾಯಿ ಸಾಲ ತೆಗೆದಿದ್ದರಂತೆ. ತೀರಿಸುವಷ್ಟರಲ್ಲಿ ಆ ನೋಟೇ ಇಲ್ಲ. "ಊರಲ್ಲಿ ನನ್ನ ಮನೆಗೆ 300 ರೂಪಾಯಿ ಮುಟ್ಟಿಸು, ಸಾಕು" ಅಂದಿದ್ದನಂತೆ ಸ್ನೇಹಿತ. ಇವರು 300 ರಿಯಾಲನ್ನೇ ಎಣಿಸಿ ಕೊಟ್ಟರು. ಊರಿನ ಲೆಕ್ಕಕ್ಕೆ ಅದು 470ರ ಮೇಲೆ.

"ನಷ್ಟ ಅಲ್ವಾ ಕಾಕಾ?" ಅಂದ ಹುಡುಗ.

"ಅವ ಹೊಟ್ಟೆ ಕಟ್ಟಿ ಕೊಟ್ಟ ಹಣ ಅದು. ಕೊಟ್ಟಾಗ ಎಷ್ಟು ತೂಕ ಇತ್ತೋ ಅಷ್ಟೇ ತೂಕದ್ದು ವಾಪಸ್ ಕೊಟ್ಟೆ."

ಶರತ್ತಿಲ್ಲದೆ, ಮನಸ್ಸಾರೆ ಚೆನ್ನಾಗಿ ತೀರಿಸುವವನೇ ಉತ್ತಮನೆಂದು ಪ್ರವಾದಿವರ್ಯರು ಕಲಿಸಿದ್ದಾರೆ. ಸಾಲವನ್ನು ಬರೆದಿಡಿ ಎಂದು ಕುರ್‌ಆನಿನ ಅಲ್ ಬಕರ ಅಧ್ಯಾಯ ಆಜ್ಞಾಪಿಸುತ್ತದೆ. ಮುಂದಿನ ಸಲ ಮಗನೋ ತಮ್ಮನೋ ಗಲ್ಫಿನಿಂದ ಹಣ ಕಳಿಸಿದಾಗ ಎರಡು ಸಾಲು ಬರೆದಿಡಿ: ಇದು ಸಾಲವೋ ಕೊಡುಗೆಯೋ, ದಿರ್ಹಮೋ ರೂಪಾಯಿಯೋ. ರೇಟ್ ನಾಳೆ ಎಲ್ಲಿರುತ್ತದೆಂದು ಅಲ್ಲಾಹನೇ ಬಲ್ಲ. ಬರೆದಿಡುವುದು ನಮ್ಮ ಕೈಯಲ್ಲಿದೆ.