ಮಿಲಿಮೀಟರಿನಲ್ಲಿ ಏರುವ ಕಡಲು, ಮೀಟರಿನಲ್ಲಿ ಕರಗುವ ದಡ

ಮಂಗಳೂರಿನಿಂದ ಕೇರಳದ ಕಡೆಗೆ ಹೊರಟು, ನೇತ್ರಾವತಿ ಸೇತುವೆ ದಾಟಿ, ತೊಕ್ಕೊಟ್ಟಿನಲ್ಲಿ ಬಲಕ್ಕೆ ತಿರುಗಿದರೆ ಉಳ್ಳಾಲ. ಪೋರ್ಚುಗೀಸರನ್ನು ಎದುರಿಸಿದ ರಾಣಿ ಅಬ್ಬಕ್ಕನ ಊರು, ಸಯ್ಯಿದ್ ಮದನಿ ದರ್ಗಾದ ಊರು. ಬಂದವರು ದರ್ಗಾಕ್ಕೆ ಹೋಗಿ, ಸೋಮೇಶ್ವರದ ಬಂಡೆಗಳ ಬಳಿ ಸೂರ್ಯಾಸ್ತ ನೋಡಿ ಮರಳುತ್ತಾರೆ. ಈ ಊರನ್ನು ಅರಿಯಬೇಕಾದರೆ ಇಳಿತದ ಹೊತ್ತು ನೋಡಿಕೊಂಡು, ಉತ್ತರದ ಕೋಟೆಪುರದಿಂದ ದಕ್ಷಿಣದ ಉಚ್ಚಿಲ ಬಟ್ಟಪ್ಪಾಡಿಯವರೆಗೆ ದಡದಲ್ಲೇ ನಡೆಯಬೇಕು.

ಕೋಟೆಪುರದ ತುದಿಯಲ್ಲಿ ಮೀನೆಣ್ಣೆ ಕಾರ್ಖಾನೆಗಳ ವಾಸನೆ ಗಾಳಿಯಲ್ಲೇ ಇರುತ್ತದೆ. ಎದುರಿಗೆ ಅಳಿವೆ ಬಾಗಿಲು. ನೇತ್ರಾವತಿಯೂ ಫಲ್ಗುಣಿಯೂ ಕೂಡಿ ಕಡಲು ಸೇರುವುದು ಇಲ್ಲೇ. ಆಚೆ ದಡದಲ್ಲಿ ಬೆಂಗ್ರೆ. ಹಳೆ ಬಂದರಿಗೆ ಹೋಗಿಬರುವ ಮೀನುಗಾರಿಕಾ ಬೋಟುಗಳ ದಾರಿ ಹೂಳಿನಿಂದ ಮುಚ್ಚದಿರಲೆಂದು ಅಳಿವೆಯ ಎರಡೂ ಬದಿಗೆ ಬಂಡೆಗಲ್ಲಿನ ಬ್ರೇಕ್‌ವಾಟರ್ ಚಾಚಿದೆ. ಬೋಟುಗಳಿಗೆ ಅದು ಬೇಕು. ಆದರೆ ದಡದುದ್ದಕ್ಕೂ ಅಲೆಗಳೊಂದಿಗೆ ಸಾಗುತ್ತಿದ್ದ ಮರಳಿಗೆ ಅದು ಅಡ್ಡ. ಬೆಂಗ್ರೆಯ ಕಡೆ ಮರಳು ಕೂಡುತ್ತದೆ, ಉಳ್ಳಾಲದ ಕಡೆ ಕರಗುತ್ತದೆ. ನದಿ ಹೊತ್ತು ತರಬೇಕಿದ್ದ ಮರಳೂ ಪೂರ್ತಿ ಬರುವುದಿಲ್ಲ. ಒಂದಿಷ್ಟು ಲಾರಿ ಹತ್ತುತ್ತದೆ, ಒಂದಿಷ್ಟು ಅಣೆಕಟ್ಟಿನ ಹಿಂದೆ ಉಳಿಯುತ್ತದೆ.

ಅಲ್ಲಿಂದ ದಕ್ಷಿಣಕ್ಕೆ ಮೊಗವೀರಪಟ್ಣದ ಕಡೆ ನಡೆದರೆ ಕಡಲು ಕೊರೆದ ದಡ ಅಲ್ಲಲ್ಲಿ ಆಳೆತ್ತರದ ಗೋಡೆಯಾಗಿ ನಿಂತಿರುವುದು ಕಾಣುತ್ತದೆ. ಹತ್ತಿರ ಹೋಗಿ ನೋಡಿ. ಮೇಲೆ ಗೇಣುದ್ದ ಕಪ್ಪು ಮಣ್ಣು. ಅದರಲ್ಲಿ ತೆಂಗಿನ ನಾರು, ಒಡೆದ ಹಂಚು, ಚಿಪ್ಪು. ಅದರ ಕೆಳಗೆ ಬರೀ ಮರಳು, ನಡುನಡುವೆ ಕಪ್ಪು ಗೆರೆ. ತೆಂಗಿನ ಬೇರುಗಳು ಗಾಳಿಯಲ್ಲಿ ಜೋತಾಡುತ್ತವೆ. ಒಂದು ಕಡೆ ಬಾವಿಯ ಕಾಂಕ್ರೀಟ್ ರಿಂಗುಗಳು ಸುತ್ತಲಿನ ನೆಲ ಹೋದ ಮೇಲೆ ಒಂದರ ಮೇಲೊಂದು ಬಯಲಲ್ಲಿ ನಿಂತಿವೆ. ನೆಲದೊಳಗಿದ್ದ ಬಾವಿ ಈಗ ನೆಲದ ಮೇಲಿದೆ. ಪಕ್ಕದ ಮನೆಯ ಅಕ್ಕ ಹೇಳಿದರು: "ಮಳೆಗಾಲಕ್ಕೆ ಮುಂಚೆ ಹಕ್ಕುಪತ್ರ, ರೇಷನ್ ಕಾರ್ಡು, ಮಕ್ಕಳ ಮಾರ್ಕ್ಸ್ ಕಾರ್ಡು ಎಲ್ಲ ಕಟ್ಟಿ ಅಣ್ಣನ ಮನೆಗೆ ಕಳಿಸ್ತೇವೆ. ಆಮೇಲೆ ಕಟ್ಟಿಗೆ, ಅಕ್ಕಿಯ ಚಿಂತೆ."

ಮಳೆಗಾಲದ ಕಡಲ್ಕೊರೆತ ಕರಾವಳಿಗೆ ಹೊಸದಲ್ಲ. ಜೂನ್ ತಿಂಗಳ ಅಲೆ ದಂಡೆಯ ಮರಳನ್ನು ಎಳೆದು ಸ್ವಲ್ಪ ದೂರದಲ್ಲಿ ನೀರಿನಡಿ ದಿಬ್ಬ ಮಾಡುತ್ತದೆ. ಮಳೆ ಕಳೆದ ಮೇಲೆ ಸಣ್ಣ ಅಲೆಗಳು ಅದನ್ನೇ ಮತ್ತೆ ದಡಕ್ಕೆ ತಂದು ಹರಡುತ್ತವೆ. ಹಿರಿಯ ಮೀನುಗಾರರಿಗೆ ಈ ಲೆಕ್ಕ ಬಾಯಿಪಾಠ. ಆದರೆ ಈಚೆಗೆ, ಹೋದ ಮರಳೆಲ್ಲ ವಾಪಸು ಬರುತ್ತಿಲ್ಲ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ದೂರದ ಕಡಲಲ್ಲೇ ಗುಜರಾತಿನತ್ತ ಹೋಯಿತು. ಆದರೂ ಅದರ ಅಲೆಗಳು ಉಳ್ಳಾಲ, ಸೋಮೇಶ್ವರ, ಉಚ್ಚಿಲದ ಮನೆಗಳನ್ನೂ ರಸ್ತೆಗಳನ್ನೂ ಬಡಿದವು.

ಇದಕ್ಕೆಲ್ಲ ಕಡಲು ಏರುತ್ತಿರುವುದೇ ಕಾರಣ ಎಂದು ಒಂದೇ ಮಾತಿನಲ್ಲಿ ಹೇಳಿದರೆ ತಪ್ಪಾಗುತ್ತದೆ. ಇಲ್ಲಿ ಕಣ್ಣಿಗೆ ಕಾಣುವ ಹಾನಿಯಲ್ಲಿ ಅಲೆ, ಮರಳು, ಬಂಡೆಗೋಡೆಗಳ ಪಾಲು ದೊಡ್ಡದು. ಏರುವ ಕಡಲು ಕಾಣದಂತೆ ಕೆಲಸ ಮಾಡುತ್ತದೆ. 1901ರಿಂದ 2018ರವರೆಗೆ ಜಗತ್ತಿನ ಕಡಲ ಸರಾಸರಿ ಮಟ್ಟ ಸುಮಾರು 20 ಸೆಂಟಿಮೀಟರ್ ಏರಿದೆ. ಕಳೆದ ಶತಮಾನದ ಮೊದಲ 70 ವರ್ಷ ವರ್ಷಕ್ಕೆ 1.3 ಮಿಲಿಮೀಟರ್ ಇದ್ದ ಏರಿಕೆ 2006ರಿಂದ 2018ರ ನಡುವೆ 3.7 ಮಿಲಿಮೀಟರಿಗೆ ಬಂದಿದೆ. ಉತ್ತರ ಹಿಂದೂ ಮಹಾಸಾಗರದಲ್ಲಿ 1993ರಿಂದ 2017ರವರೆಗೆ ವರ್ಷಕ್ಕೆ ಸರಾಸರಿ 3.3 ಮಿಲಿಮೀಟರ್ ಏರಿದೆಯೆಂದು ಕೇಂದ್ರ ಭೂವಿಜ್ಞಾನ ಸಚಿವಾಲಯದ 2020ರ ವರದಿ ಹೇಳುತ್ತದೆ.

ಕಾರಣ ಮುಖ್ಯವಾಗಿ ಎರಡು. ನಾವು ಗಾಳಿಗೆ ಬಿಟ್ಟ ಹಸಿರುಮನೆ ಅನಿಲಗಳಿಂದ ಭೂಮಿಯಲ್ಲಿ ಉಳಿದುಕೊಂಡ ಹೆಚ್ಚುವರಿ ಶಾಖದಲ್ಲಿ ಶೇಕಡಾ 90ಕ್ಕಿಂತ ಹೆಚ್ಚು ಪಾಲನ್ನು ಕಡಲೇ ನುಂಗಿಕೊಂಡಿದೆ. ಜ್ವರಕ್ಕೆ ಥರ್ಮಾಮೀಟರಿನ ಪಾದರಸ ಏರುವ ಹಾಗೆ, ಬಿಸಿಯಾದ ನೀರು ಹಿಗ್ಗಿ ಮೇಲೇರುತ್ತದೆ. 1971ರಿಂದೀಚೆಗಿನ ಏರಿಕೆಯಲ್ಲಿ ಹೆಚ್ಚು ಕಡಿಮೆ ಅರ್ಧ ಈ ಹಿಗ್ಗಿನಿಂದಲೇ ಆದದ್ದು. ಉಳಿದದ್ದರಲ್ಲಿ ಬಹುಪಾಲು ಪರ್ವತಗಳ ಹಿಮನದಿಗಳು, ಗ್ರೀನ್‌ಲ್ಯಾಂಡ್ ಮತ್ತು ಅಂಟಾರ್ಕ್ಟಿಕಾದ ಮಂಜು ಕರಗಿ ಬಂದ ನೀರು. ಸುಮಾರು 20 ಸಾವಿರ ವರ್ಷಗಳ ಹಿಂದೆ, ಹಿಮಯುಗದಲ್ಲಿ, ಕಡಲು ಈಗಿನದಕ್ಕಿಂತ 120 ಮೀಟರಿನಷ್ಟು ಕೆಳಗಿತ್ತು. ಅದು ಏರಿ, ಕಳೆದ ಕೆಲವು ಸಾವಿರ ವರ್ಷ ಹೆಚ್ಚು ಕಡಿಮೆ ಒಂದೇ ಮಟ್ಟದಲ್ಲಿ ನಿಂತದ್ದರಿಂದಲೇ ನಮ್ಮ ಬಂದರುಗಳು, ಗುಡಿ ಮಸೀದಿಗಳು, ತೆಂಗಿನ ತೋಟಗಳು ದಡದಲ್ಲಿ ನೆಲೆಯೂರಿದವು.

ಮೂರು ಮಿಲಿಮೀಟರಿಗೆ ಇಷ್ಟು ಗಾಬರಿಯೇಕೆ ಎಂದು ಕೇಳುವವರಿಗೆ ಈ ದಡವೇ ಉತ್ತರ. ಮರಳದಂಡೆಯ ಇಳಿಜಾರು ಬಹಳ ಸಣ್ಣದು. ನೀರು ಎಷ್ಟು ಏರುತ್ತದೋ ಅದರ 50ರಿಂದ 100 ಪಟ್ಟು ದಡ ಹಿಂದೆ ಸರಿಯಬಹುದು ಎಂಬುದು ಕಡಲ ಎಂಜಿನಿಯರುಗಳ ಸ್ಥೂಲ ಲೆಕ್ಕ. ಅಂದರೆ 20 ಸೆಂಟಿಮೀಟರಿಗೆ 10ರಿಂದ 20 ಮೀಟರು. ಐದು ಸೆಂಟ್ಸಿನ ಹಿತ್ತಿಲಲ್ಲಿ ಮನೆ ಕಟ್ಟಿಕೊಂಡವರಿಗೆ ಅದು ಇಡೀ ಹಿತ್ತಿಲು. ಬಾವಿಯ ಕಥೆಯೂ ಇದೇ. ಮರಳಿನೊಳಗೆ ಇಂಗಿದ ಮಳೆನೀರು ಉಪ್ಪುನೀರಿನ ಮೇಲೆ ತೆಳುವಾದ ಪದರವಾಗಿ ನಿಂತಿರುತ್ತದೆ. ಕಡಲು ಏರಿದಷ್ಟೂ, ಪಂಪು ಓಡಿದಷ್ಟೂ ಆ ಪದರ ಸೊರಗಿ ನೀರು ಉಪ್ಪಾಗುತ್ತದೆ.

ಸೋಮೇಶ್ವರಕ್ಕೆ ಬಂದರೆ ದೇವಸ್ಥಾನದ ಬಳಿಯ ಬಂಡೆಗಳು ಅಲೆಗೆ ಎದೆಯೊಡ್ಡಿ ನಿಂತಿವೆ. ಗಟ್ಟಿ ಕಲ್ಲು ಇರುವಲ್ಲಿ ದಡ ಉಳಿದಿದೆ. ಅದನ್ನು ನೋಡಿಯೇ ಎಲ್ಲ ಕಡೆ ಕಲ್ಲು ಹಾಕಬೇಕೆನಿಸುವುದು ಸಹಜ. ಉಳ್ಳಾಲದಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನಿಂದ ಕಡಲೊಳಗೆ ಕೃತಕ ದಿಬ್ಬಗಳನ್ನು ಕಟ್ಟಿ, ದಡಕ್ಕೆ ಬರುವ ಮುಂಚೆಯೇ ಅಲೆಯ ಬಲ ಮುರಿಯುವ ಪ್ರಯತ್ನವೂ ನಡೆದಿದೆ. ಕಲ್ಲುಗೋಡೆಯ ಹಿಂದಿರುವ ಮನೆಗೆ ರಕ್ಷಣೆ ಸಿಗುತ್ತದೆ, ನಿಜ. ಆದರೆ ಗೋಡೆಗೆ ಬಡಿದ ಅಲೆ ಅದರ ಬುಡದ ಮರಳನ್ನು ಕೆದಕಿ ಒಯ್ಯುತ್ತದೆ. ಗೋಡೆ ಮುಗಿದಲ್ಲಿ ಕೊರೆತ ಶುರುವಾಗುತ್ತದೆ.

ಉಚ್ಚಿಲ ದಾಟಿ ಬಟ್ಟಪ್ಪಾಡಿಗೆ ಬಂದರೆ ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ಹೊಳೆ, ನಡುವೆ ಕಿರಿದಾದ ನೆಲ. ಹಿಂದೆ ಸರಿಯಲು ಇಲ್ಲಿನವರಿಗೆ ಜಾಗವಿಲ್ಲ. ಅಲ್ಲಲ್ಲಿ ಉಳಿದ ಗಾಳಿಮರ, ಮರಳ ಮೇಲೆ ಹಬ್ಬುವ ನೇರಳೆ ಹೂವಿನ ಬಳ್ಳಿ, ಇವಿಷ್ಟೇ ಮರಳನ್ನು ಹಿಡಿದಿಟ್ಟಿವೆ.

ಕಡಲು ಮುಂದೆ ಬರುತ್ತಿರುವಾಗ ನಮ್ಮ ಕಾನೂನು ಹಿಂದೆ ಸರಿಯಬೇಕಿತ್ತು. ಆದದ್ದು ಬೇರೆ. ಗ್ರಾಮೀಣ ಕರಾವಳಿಯಲ್ಲಿ ಭರತರೇಖೆಯಿಂದ 200 ಮೀಟರ್ ಇದ್ದ ಕಟ್ಟಡ ನಿಷೇಧದ ವಲಯವನ್ನು, 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆ ಜನದಟ್ಟಣೆಯ ಪ್ರದೇಶಗಳಲ್ಲಿ 50 ಮೀಟರಿಗೆ ಇಳಿಸಿತು. ಇದು ತಪ್ಪು ದಿಕ್ಕು. ಮೊದಲು ಆಗಬೇಕಾದದ್ದು ಮೂರು ಕೆಲಸ. ಅಳಿವೆಯಲ್ಲಿ ಹೂಳೆತ್ತಿದ ಮರಳನ್ನು ಮಾರದೆ ಕೊರೆದ ದಡಕ್ಕೇ ಸುರಿಯಬೇಕು. ಉಳಿದ ಮರಳದಿಬ್ಬ, ಬಳ್ಳಿ, ಮರಗಳನ್ನು ಮುಟ್ಟಬಾರದು. ಸ್ಥಳಾಂತರಕ್ಕೆ ಒಪ್ಪುವ ಮೀನುಗಾರ ಕುಟುಂಬಗಳಿಗೆ, ಮನೆ ಬೀಳುವ ಮೊದಲೇ, ದೋಣಿಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ ಜಾಗ ಕೊಡಬೇಕು. ಕಡಲ ನೋಟಕ್ಕಾಗಿ ದಡದಲ್ಲಿ ಸೈಟು ಹುಡುಕುತ್ತಿರುವವರಿಗೆ ಒಂದೇ ಮಾತು: ಅಲ್ಲಿ ಮನೆ ಕಟ್ಟಬೇಡಿ. ಆ ಮರಳು ಕಡಲಿಗೆ ಬೇಕು.