ದೊಡ್ಡಾಟದ ಪೂರ್ವಪ್ರಯೋಗಕ್ರಮ

ನೀಲಗುಂದದ ಭೀಮೇಶ್ವರ ದೇವಾಲಯವನ್ನು ಜೀರ್ಣೋದ್ಧಾರ ಮಾಡುವವರಿಗೆ ಕಲ್ಲು ಕಣ್ಣೆದುರಿಗಿರುತ್ತದೆ. ಅದೇ ಸೀಮೆಯ ದೊಡ್ಡಾಟವನ್ನು ಹಿಂದಿನ ಕ್ರಮದಲ್ಲಿ ಆಡಿಸಹೊರಟವರಿಗೆ ಅಂಥ ಆಧಾರವಿಲ್ಲ. ಯುರೋಪಿನಲ್ಲಿ ಬರೋಕ್ ಯುಗದ ಗೀತನಾಟಕಗಳನ್ನು ಅಂದಿನ ವಾದ್ಯಗಳಿಂದಲೇ ಆಡುವ ಪದ್ಧತಿಯುಂಟು. ಸ್ವೀಡನ್ನಿನ ಡ್ರಾಟ್ನಿಂಗ್‌ಹೋಲ್ಮಿನಲ್ಲಿ 1766ರ ರಂಗಮಂದಿರವು ಮರದ ಯಂತ್ರಗಳೊಡನೆ ಉಳಿದಿದ್ದು, 1921ರಲ್ಲಿ ಮರಳಿ ಬೆಳಕಿಗೆ ಬಂದಿತು. ನಮ್ಮ ಅಟ್ಟವಾದರೋ ಆಟ ಮುಗಿದೊಡನೆ ಬಿಚ್ಚಿಹೋಗುವಂಥದು.

ಹಾರ್ಮೋನಿಯಂ ಕೈಬಿಟ್ಟರೆ ಹಳೆಯ ಆಟ ಮರಳೀತೆಂಬ ವಾದವಿದೆ. ಪ್ಯಾರಿಸ್ಸಿನ ದೆಬೇನನು ಆ ವಾದ್ಯಕ್ಕೆ ಹಕ್ಕುಪತ್ರ ಪಡೆದದ್ದು 1842ರಲ್ಲಿ. ಆದುದರಿಂದ ಅದು ಹಿಮ್ಮೇಳಕ್ಕೆ ಅನಂತರ ಸೇರಿದುದೆಂಬುದು ನಿರ್ವಿವಾದ. ಅದರ ಸ್ವರಸ್ಥಾನಗಳು ಸ್ಥಿರವಾದುವು. ಸ್ವರದಿಂದ ಸ್ವರಕ್ಕೆ ಜಾರುವ ಗಮಕವು ಮುಖವೀಣೆಗೆ ಸಹಜ, ಹಾರ್ಮೋನಿಯಮ್ಮಿಗೆ ಅಸಾಧ್ಯ. ಆದರೆ ಆ ಸ್ಥಿರಸ್ವರಗಳೊಡನೆಯೇ ಹಾಡಿ ಪಳಗಿದ ಭಾಗವತರ ಕಂಠದಲ್ಲಿ, ಪೆಟ್ಟಿಗೆಯನ್ನು ಸರಿಸಿದ ಮಾತ್ರಕ್ಕೆ ಹಳೆಯ ಮಟ್ಟು ಮರುಕಳಿಸದು. ಪಂಜಿನ ಬೆಳಕಿಗೆ ಮಿನುಗುತ್ತಿದ್ದ ಭುಜಕೀರ್ತಿಯ ಬೇಗಡೆಯು ವಿದ್ಯುದ್ದೀಪದಡಿ ಕಣ್ಣು ಕುಕ್ಕುವುದೂ ದಿಟವೇ. ಪಂಜನ್ನು ಯಾವಾಗ ಬೇಕಾದರೂ ಹೊತ್ತಿಸಬಹುದು. ಮುಖವೀಣೆಯ ಜೊತೆಯಲ್ಲಿ ಹಾಡಿ ಬಲ್ಲ ಹಿರಿಯರು ಎಲ್ಲಿಯೇ ಉಳಿದಿರಲಿ, ಅವರ ಮಟ್ಟುಗಳನ್ನು ಮೊದಲು ಧ್ವನಿಮುದ್ರಿಸಿಕೊಳ್ಳಬೇಕೆಂಬುದು ನಮ್ಮ ಅಭಿಪ್ರಾಯ.